ಗೊತ್ತಿರೋದು ಯಾವುದು, ಊಹೆ ಯಾವುದು

ಪುಟ್ಟೀ,

ಏರ್ ಟ್ರಾಫಿಕ್ ಕಂಟ್ರೋಲರ್ ಪರೀಕ್ಷೆಗೆ ಕೂರ್ತೀನಿ ಅಂತ ನೀನು ಮನೆಯಲ್ಲಿ ಹೇಳಿದಾಗಿನಿಂದ ನಿಮ್ಮಮ್ಮ ನನಗೆ ಫೋನ್ ಮೇಲೆ ಫೋನ್ ಮಾಡ್ತಿದ್ದಾಳೆ. "ಅಣ್ಣಾ, ಹಾಸನದಲ್ಲಿ ಬಿ.ಎಸ್ಸಿ. ಓದಿದವಳಿಗೆ ಅದೆಲ್ಲ ಆಗುತ್ತಾ? ಹೈಸ್ಕೂಲಿನವರೆಗೆ ಕನ್ನಡ ಮೀಡಿಯಂ. ವಿಮಾನ ಹತ್ತಿದವಳೂ ಅಲ್ಲ" ಅಂತಾಳೆ. ವಿಮಾನ ಹತ್ತದೇ ಈ ಕೆಲಸಕ್ಕೆ ಸೇರಿದವರು ನಮ್ಮ ಬ್ಯಾಚಿನಲ್ಲಿ ಬೇಕಾದಷ್ಟು ಜನ ಇದ್ದರು, ನಾನೂ ಅವರಲ್ಲಿ ಒಬ್ಬ. ಆ ಅಂಜಿಕೆ ಬಿಡು. ಅಂಜಬೇಕಾದ ವಿಷಯ ಬೇರೆ ಇದೆ, ಅದನ್ನು ಹೇಳೋಕೇ ಇಷ್ಟುದ್ದ ಬರೀತಿದ್ದೀನಿ. ಫೋನಿನಲ್ಲಿ ಹೇಳಿದರೆ ನೀನು "ಹ್ಞೂಂ ಮಾವ, ಹ್ಞೂಂ ಮಾವ" ಅಂದುಬಿಡ್ತೀಯ.

ಮೊದಲು ಪರೀಕ್ಷೆಯ ಲೆಕ್ಕ. ಏರ್‌ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾದವರು ಜೂನಿಯರ್ ಎಕ್ಸಿಕ್ಯುಟಿವ್ ಅನ್ನೋ ಹೆಸರಿನಲ್ಲಿ ಈ ಹುದ್ದೆಗೆ ಜನ ತಗೊಳ್ತಾರೆ. 2025ರಲ್ಲಿ ಕರೆದದ್ದು 309 ಹುದ್ದೆಗೆ. ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ, 120 ಪ್ರಶ್ನೆ, ಎರಡು ಗಂಟೆ. ಅರ್ಧದಷ್ಟು ಗಣಿತ ಮತ್ತು ಭೌತಶಾಸ್ತ್ರ. ಉಳಿದರ್ಧದಲ್ಲಿ ಇಂಗ್ಲಿಷು, ತರ್ಕ, ಅಂಕಗಣಿತ, ಸಾಮಾನ್ಯ ಜ್ಞಾನ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಅಂದರೆ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು; ಗೊತ್ತಿಲ್ಲದಿದ್ದರೆ ಕಣ್ಣು ಮುಚ್ಚಿ ಒಂದನ್ನು ಒತ್ತಿ ಬರಬೇಕು.

ನನ್ನ ತಕರಾರು ಇರೋದೇ ಇಲ್ಲಿ. ಪರೀಕ್ಷೆ ನಿನಗೆ ಊಹಿಸು ಅನ್ನುತ್ತೆ. ನೀನು ಸೇರಬೇಕೆಂದಿರುವ ಕೆಲಸದಲ್ಲಿ ಊಹೆಯಷ್ಟು ಕೆಟ್ಟ ಚಟ ಇನ್ನೊಂದಿಲ್ಲ. ಪೈಲಟ್ ಹೇಳಿದ್ದು ಅರ್ಧ ಕೇಳಿಸಿತು, ಉಳಿದರ್ಧ ಹೀಗೇ ಇರಬೇಕು ಅಂದುಕೊಂಡು ಮುಂದಿನ ವಿಮಾನಕ್ಕೆ ಹೋಗುವ ಕಂಟ್ರೋಲರ್ ಜೊತೆ ಡ್ಯೂಟಿ ಮಾಡೋಕೆ ಯಾರೂ ಇಷ್ಟಪಡೋಲ್ಲ. ಹಾಗಾಗಿ ಪರೀಕ್ಷೆಗೆ ಓದುವಾಗಲೇ ಒಂದು ಅಭ್ಯಾಸ ಬೆಳೆಸಿಕೋ: ನನಗೆ ಗೊತ್ತಿರೋದು ಯಾವುದು, ನಾನು ಊಹಿಸಿದ್ದು ಯಾವುದು ಅನ್ನೋದನ್ನು ಬೇರೆ ಬೇರೆ ಇಡುವುದು.

ಹೇಗೆ ಅಂತೀಯಾ? ಮನೆಯಲ್ಲಿ ಮಾಕ್ ಟೆಸ್ಟ್ ಬರೆಯುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೋ. ಪ್ರತಿ ಪ್ರಶ್ನೆಯ ನಂಬರಿನ ಮುಂದೆ "ಗೊ" ಅಥವಾ "ಊ" ಅಂತ ಬರಿ. ಗೊತ್ತಿತ್ತು, ಇಲ್ಲವೇ ಊಹೆ. ಮಧ್ಯದ್ದು ಬೇಡ, "ಸುಮಾರು ಗೊತ್ತು" ಅನಿಸಿದ್ದೆಲ್ಲ ಊಹೆಯೇ. ಟೆಸ್ಟ್ ಮುಗಿದ ಮೇಲೆ ಎಲ್ಲರೂ ಒಟ್ಟು ಅಂಕ ನೋಡಿ ಖುಷಿಪಡ್ತಾರೆ, ಇಲ್ಲ ಅಳ್ತಾರೆ, ತಪ್ಪಾದ ಪ್ರಶ್ನೆಗಳನ್ನು ಮಾತ್ರ ಮತ್ತೆ ಓದ್ತಾರೆ. ನೀನು ಹಾಳೆ ನೋಡು. "ಊ" ಹಾಕಿ ಸರಿಯಾದದ್ದು ನಿನ್ನ ಅಂಕವಲ್ಲ, ಅದೃಷ್ಟದ್ದು. ಆ ಪಾಠ ಮತ್ತೆ ಓದು. "ಊ" ಹಾಕಿ ತಪ್ಪಾದದ್ದರ ಬಗ್ಗೆ ಚಿಂತೆಯಿಲ್ಲ, ಗೊತ್ತಿಲ್ಲ ಅಂತ ನಿನಗೇ ಗೊತ್ತಿತ್ತು. ಆದರೆ "ಗೊ" ಅಂತ ಬರೆದು ತಪ್ಪಾದದ್ದು ಇದೆಯಲ್ಲ, ಅದರ ಮುಂದೆ ಕೆಂಪು ಶಾಯಿಯಲ್ಲಿ ಗೀಟು ಹಾಕು. ಗೊತ್ತಿದೆ ಅಂತ ನಂಬಿ ತಪ್ಪು ಮಾಡುವವರನ್ನು ತಿದ್ದುವುದು ಬಹಳ ಕಷ್ಟ, ಯಾಕೆಂದರೆ ಅವರು ಇನ್ನೊಮ್ಮೆ ನೋಡೋದೇ ಇಲ್ಲ. ಮೊದಮೊದಲು ಹಾಳೆ ತುಂಬ ಕೆಂಪು ಬರುತ್ತೆ. ಬರಲಿ. ತಿಂಗಳೊಪ್ಪತ್ತಿನಲ್ಲಿ ಅದು ಕಮ್ಮಿಯಾದರೆ ಒಟ್ಟು ಅಂಕ ಏರದಿದ್ದರೂ ನೀನು ಸರಿದಾರಿಯಲ್ಲಿದ್ದೀಯ ಅಂತ ಲೆಕ್ಕ.

ಗಣಿತ, ಭೌತಶಾಸ್ತ್ರದ ಬಗ್ಗೆ ಹೆಚ್ಚು ಹೇಳೋದಿಲ್ಲ. ಪಿಯುಸಿಯ ಎರಡು ವರ್ಷದ ಪುಸ್ತಕಗಳನ್ನು ಉದಾಹರಣೆ ಸಮೇತ ಗಟ್ಟಿಮಾಡಿಕೋ, ಆಮೇಲೆ ಡಿಗ್ರಿಯ ನೋಟ್ಸು. ಚಲನೆ, ಸದಿಶ, ಬೆಳಕು, ವಿದ್ಯುತ್ತು; ಮ್ಯಾಟ್ರಿಕ್ಸ್, ಅವಕಲನ, ಸಂಭವನೀಯತೆ. ಎರಡು ಗಂಟೆಯಲ್ಲಿ 120 ಅಂದರೆ ಪ್ರಶ್ನೆಗೆ ಒಂದು ನಿಮಿಷ. ಸೂತ್ರ ಹುಡುಕುತ್ತಾ ಕೂತರೆ ಆಗೋದಿಲ್ಲ. ಹಾಗಂತ ಮೊದಲ ದಿನದಿಂದ ಗಡಿಯಾರ ಇಟ್ಟುಕೊಂಡು ಓಡಬೇಡ. ನಿಧಾನವಾಗಿ ಸರಿಯಾಗಿ ಮಾಡುವವರು ಬೇಗ ಮಾಡುವುದನ್ನು ಕಲಿಯಬಹುದು; ಬೇಗ ಬೇಗ ತಪ್ಪು ಮಾಡುವವರಿಗೆ ಸರಿ ಮಾಡುವುದನ್ನು ಕಲಿಸೋದಕ್ಕೆ ಟ್ರೈನಿಂಗ್ ಸೆಂಟರಿನಲ್ಲಿ ಮೇಷ್ಟ್ರುಗಳು ಸುಸ್ತಾಗಿದ್ದನ್ನು ನೋಡಿದ್ದೇನೆ.

ಬಾಯಿಲೆಕ್ಕಕ್ಕೆ ಮಾತ್ರ ದಿನಾ ಒಂದು ಹೊತ್ತು ಇಡು. ಕ್ಯಾಲ್ಕ್ಯುಲೇಟರ್ ಮುಟ್ಟಬೇಡ. ಒಂದು ಲೆಕ್ಕ ಕೊಡ್ತೀನಿ. ಒಂದೇ ಎತ್ತರದಲ್ಲಿ ಎರಡು ವಿಮಾನ ಎದುರುಬದುರು ಬರ್ತಿವೆ. ನಡುವೆ 60 ನಾಟಿಕಲ್ ಮೈಲಿ. ಎರಡರ ವೇಗವೂ 480 ನಾಟ್. ಪುಸ್ತಕದ ಹುಡುಗಿ 960 ಅಂತ ಕೂಡಿಸಿ, 60 ಭಾಗಿಸು 960 ಅಂತ ಶುರುಮಾಡ್ತಾಳೆ. ರೆಡಾರ್ ಮುಂದೆ ಕೂತವರು ಹಾಗೆ ಮಾಡೋದಿಲ್ಲ. ಗಂಟೆಗೆ 480 ಅಂದರೆ ನಿಮಿಷಕ್ಕೆ 8 ಮೈಲಿ. ಎರಡೂ ಸೇರಿ ನಿಮಿಷಕ್ಕೆ 16. ಅರವತ್ತು ಮೈಲಿ ತೀರೋಕೆ ನಾಲ್ಕು ನಿಮಿಷವೂ ಬೇಡ, 3 ನಿಮಿಷ 45 ಸೆಕೆಂಡು. ಆದರೆ ಅಷ್ಟೂ ಹೊತ್ತು ನಿನ್ನದಲ್ಲ. ದೂರದ ಹಾದಿಯಲ್ಲಿ ರೆಡಾರ್ ಮೇಲೆ ಸಾಮಾನ್ಯವಾಗಿ 5 ಮೈಲಿ ಅಂತರ ಉಳಿಸಬೇಕು, ಇಲ್ಲವೇ ಎತ್ತರದಲ್ಲಿ 1,000 ಅಡಿ ವ್ಯತ್ಯಾಸ ಇರಬೇಕು. ಐದು ಮೈಲಿ ಕಳೆದರೆ ಉಳಿದದ್ದು 55, ಅಂದರೆ 3 ನಿಮಿಷ 26 ಸೆಕೆಂಡು. ಒಂದನ್ನು ಮೇಲೇರಿಸೋಣ ಅಂದರೆ, ನಿಮಿಷಕ್ಕೆ 1,500 ಅಡಿ ಏರುವ ವಿಮಾನಕ್ಕೆ 1,000 ಅಡಿ ಏರೋಕೆ 40 ಸೆಕೆಂಡು ಬೇಕು. ನೀನು ಹೇಳಬೇಕು, ಪೈಲಟ್ ತಿರುಗಿ ಹೇಳಬೇಕು, ಆಮೇಲೆ ವಿಮಾನ ಏರೋಕೆ ಶುರುಮಾಡಬೇಕು. ಈಗ ಆ ಮೂರೂವರೆ ನಿಮಿಷ ಎಷ್ಟು ಚಿಕ್ಕದು ಅಂತ ಗೊತ್ತಾಯ್ತಾ?

ನಿಮ್ಮಜ್ಜ ನಮಗೆಲ್ಲ ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಒಪ್ಪಿಸಿಕೊಳ್ತಿದ್ದರು. ಅದರ ಬೆಲೆ ನನಗೆ ಗೊತ್ತಾಗಿದ್ದು ಹೆಡ್‌ಸೆಟ್ ಹಾಕಿಕೊಂಡ ಮೇಲೆ. ನೀನು ಅರವತ್ತರಿಂದ ಭಾಗಿಸುವುದನ್ನು ಬಾಯಿಗೆ ತಂದುಕೋ: 240 ಅಂದರೆ 4, 300 ಅಂದರೆ 5, 420 ಅಂದರೆ 7. ದಿಕ್ಕಿನ ಲೆಕ್ಕಕ್ಕೂ ಒಂದು ಉಪಾಯವಿದೆ. ಒಂದು ದಿಕ್ಕಿನ ತದ್ವಿರುದ್ಧ ದಿಕ್ಕು ಬೇಕಾದರೆ 180 ಕೂಡಿಸೋಕೆ ಒದ್ದಾಡಬೇಡ. 200 ಕೂಡಿಸಿ 20 ಕಳಿ, ಇಲ್ಲವೇ 200 ಕಳೆದು 20 ಕೂಡಿಸು. 140ರ ಎದುರು 320. 235ರ ಎದುರು 055. ಮೈಸೂರಿನ ರನ್‌ವೇಗೆ 09 ಮತ್ತು 27 ಅಂತ, ಮಂಗಳೂರಿನದಕ್ಕೆ 06 ಮತ್ತು 24 ಅಂತ ಹೆಸರು ಯಾಕೆ ಅಂತ ಈಗ ನೀನೇ ಹೇಳಬಲ್ಲೆ: ದಿಕ್ಕಿನ ಡಿಗ್ರಿಯನ್ನು ಹತ್ತಿರದ ಹತ್ತಕ್ಕೆ ತಂದು ಕೊನೆಯ ಸೊನ್ನೆ ತೆಗೆದರೆ ರನ್‌ವೇ ನಂಬರು, ಎರಡು ತುದಿಗೂ 18ರ ಅಂತರ. ಇಳಿಯುವ ವಿಮಾನಕ್ಕೆ ಎಷ್ಟು ದೂರ ಬೇಕು ಅನ್ನೋದಕ್ಕೆ ಸಾವಿರ ಅಡಿಗೆ ಮೂರು ಮೈಲಿ ಅಂತ ಹಿಡಿ. 33,000ದಿಂದ 3,000ಕ್ಕೆ ಇಳಿಯೋಕೆ 90 ಮೈಲಿ. ಇವು ಪ್ರಶ್ನೆಪತ್ರಿಕೆಯಲ್ಲಿ ಹೀಗೇ ಬರುತ್ತವೆ ಅಂತಲ್ಲ. ಆದರೆ ವೇಗ, ಕಾಲ, ದೂರದ ಪ್ರಶ್ನೆ ಬರದ ಪತ್ರಿಕೆ ನಾನು ನೋಡಿಲ್ಲ.

ಇನ್ನು ಇಂಗ್ಲಿಷು. ನಿಮ್ಮಮ್ಮನ ದೊಡ್ಡ ಭಯ ಇದೇ, ನಿನ್ನದೂ ಇದೇ ಅಂತ ನನಗೆ ಗೊತ್ತು. ಬಾಯಿಬಿಟ್ಟು ಹೇಳಿಲ್ಲ ಅಷ್ಟೇ. ಬರವಣಿಗೆ ಪರೀಕ್ಷೆ ದಾಟಿದ ಮೇಲೆ ಧ್ವನಿ ಪರೀಕ್ಷೆ ಅಂತ ಒಂದಿದೆ. ಕೊಟ್ಟದ್ದನ್ನು ಓದಿಸಿ ಮಾತು ಸ್ಪಷ್ಟವಾಗಿದೆಯಾ, ತೊದಲುತ್ತಾ ಅಂತ ನೋಡ್ತಾರೆ. ಕಾನ್ವೆಂಟಿನ ಇಂಗ್ಲಿಷು ಬೇಕು ಅಂತ ಯಾರೋ ಹೆದರಿಸಿರ್ತಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಭಾಷೆಗೆ ಆರು ಮಟ್ಟ ಇಟ್ಟಿದೆ, ಕೆಲಸಕ್ಕೆ ನಾಲ್ಕನೆಯದು ಸಾಕು. ಆ ಮಟ್ಟದಲ್ಲಿ ತಾಯ್ನುಡಿಯ ಛಾಯೆ ಇರಬಹುದು. ಅರ್ಥಕ್ಕೆ ಅಡ್ಡಿ ಬರಬಾರದು ಅಷ್ಟೇ. ಫ್ರೆಂಚರು, ಜಪಾನಿಯರು, ರಷ್ಯನ್ನರು ಎಲ್ಲರೂ ಅವರವರ ಧಾಟಿಯಲ್ಲೇ ಮಾತಾಡ್ತಾರೆ. ಚೆನ್ನೈಯಲ್ಲಿ ಕೂತು ಎಲ್ಲರ ಧಾಟಿಯನ್ನೂ ಕೇಳಿದ ಕಿವಿ ನನ್ನದು. ಅಮೆರಿಕನ್ ಧಾಟಿ ಅನುಕರಿಸುವ ನಮ್ಮ ಹುಡುಗರ ಮಾತೇ ಎಷ್ಟೋ ಸಲ ಅರ್ಥವಾಗ್ತಿರಲಿಲ್ಲ ಅನ್ನೋದು ಬೇರೆ ಮಾತು.

ನಮ್ಮ ಕಡೆಯವರ ನಾಲಿಗೆಯಲ್ಲಿ ತಿದ್ದಿಕೊಳ್ಳಬೇಕಾದ್ದು ಎರಡೇ ಎರಡು. ಎ ಸ್ವರದಿಂದ ಶುರುವಾಗುವ ಮಾತಿಗೆ ಯ ಸೇರಿಸುತ್ತೇವೆ: ಎಕ್ಸಿಟ್ ಹೋಗಿ ಯೆಕ್ಸಿಟ್, ಏಟ್ ಹೋಗಿ ಯೇಟ್. ವ್ಯಂಜನದಲ್ಲಿ ಮುಗಿಯುವ ಮಾತಿಗೆ ಉಕಾರದ ಬಾಲ ಅಂಟಿಸುತ್ತೇವೆ: ಲೆಫ್ಟು, ರೈಟು, ಫ್ಲೈಟು. ಮೈಕಿನಲ್ಲಿ ಈ ಬಾಲ ಮುಂದಿನ ಅಂಕಿಗೆ ಅಂಟಿಕೊಂಡು ಬೇರೆಯೇ ಕೇಳಿಸುತ್ತೆ. ಬೆಳಿಗ್ಗೆ ಎದ್ದು ಇಂಗ್ಲಿಷ್ ಪೇಪರಿನ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಕೋ, ಸಂಜೆ ಕೇಳು. ಒಂದೇ ವೇಗ, ಒಂದೇ ಎತ್ತರದ ದನಿ. ಮೂರಕ್ಕೆ ಟ್ರೀ, ಐದಕ್ಕೆ ಫೈಫ್, ಒಂಬತ್ತಕ್ಕೆ ನೈನರ್, ಸಾವಿರಕ್ಕೆ ತೌಸಂಡ್ ಅನ್ನುವುದು ನಮ್ಮ ರೇಡಿಯೋ ಪದ್ಧತಿ. ತೌಸಂಡ್ ಅಂದಿದ್ದಕ್ಕೆ ಕಾಲೇಜಿನಲ್ಲಿ ನಿನ್ನನ್ನು ನೋಡಿ ನಕ್ಕವರಿಗೆ ಹೇಳು, ಅಂತರರಾಷ್ಟ್ರೀಯ ನಿಯಮದ ಪ್ರಕಾರ ನೀನೇ ಸರಿ!

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂತ ಕೇಳಬಹುದು. 1989ರ ಫೆಬ್ರವರಿ 19ರಂದು ಸಿಂಗಪುರದಿಂದ ಕೌಲಾಲಂಪುರಕ್ಕೆ ಫ್ಲೈಯಿಂಗ್ ಟೈಗರ್ ಕಂಪನಿಯ ಸರಕು ವಿಮಾನ ಬರ್ತಿತ್ತು. 2,400 ಅಡಿಗೆ ಇಳಿಯಿರಿ ಅಂತ ಹೇಳೋಕೆ ಕಂಟ್ರೋಲರ್ "ಡಿಸೆಂಡ್ ಟೂ ಫೋರ್ ಜೀರೋ ಜೀರೋ" ಅಂದರು. ಟೂ ಅನ್ನೋದು ಎರಡು ಅನ್ನುವ ಅಂಕಿ. ಪೈಲಟ್‌ಗಳಿಗೆ ಅದು "400ಕ್ಕೆ ಇಳಿಯಿರಿ" ಅಂತ ಕೇಳಿಸಿತು. ಅವರು "ಓಕೆ, ಫೋರ್ ಜೀರೋ ಜೀರೋ" ಅಂತ ತಿರುಗಿ ಹೇಳಿದರು. ಅಲ್ಲಿ ಹಿಡಿಯಬಹುದಿತ್ತು, ಯಾರೂ ಹಿಡಿಯಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ ನಾಲ್ವರೂ ಸತ್ತರು. "ಟೂ ತೌಸಂಡ್ ಫೋರ್ ಹಂಡ್ರೆಡ್ ಫೀಟ್" ಅಂತ ಪದ್ಧತಿಯಂತೆ ಹೇಳಿದ್ದರೆ ಗೊಂದಲಕ್ಕೆ ಜಾಗವೇ ಇರಲಿಲ್ಲ. ಇಬ್ಬರಲ್ಲಿ ಯಾರಿಗೂ ಇಂಗ್ಲಿಷ್ ಬಾರದೇ ಆದದ್ದಲ್ಲ ಇದು. ಕೇಳಿಸಿದ್ದನ್ನು ಊಹೆಯಿಂದ ತುಂಬಿಕೊಂಡಿದ್ದರಿಂದ ಆದದ್ದು.

ನಮ್ಮ ದೇಶದ್ದೇ ಬೇಕು ಅಂದರೆ ಹರಿಯಾಣದ ಚರ್ಖಿ ದಾದ್ರಿ. 1996ರ ನವೆಂಬರ್ 12. ದೆಹಲಿಯಿಂದ ಮೇಲೇರುತ್ತಿದ್ದ ಸೌದಿಯ ವಿಮಾನಕ್ಕೆ 14,000 ಅಡಿ ಕೊಟ್ಟಿದ್ದರು, ಇಳಿದು ಬರುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15,000. ಎದುರಿಗೆ ಇನ್ನೊಂದು ವಿಮಾನ ಬರ್ತಿದೆ ಅಂತ ಕಂಟ್ರೋಲರ್ ಹೇಳಿದ್ದರು, ಕಜಕ್ ವಿಮಾನದಿಂದ ಉತ್ತರವೂ ಬಂದಿತ್ತು. ಆದರೂ ಅದು 15,000 ದಾಟಿ ಕೆಳಗಿಳಿಯಿತು. ಎರಡೂ ವಿಮಾನದ 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಗ ದೆಹಲಿಯಲ್ಲಿದ್ದ ರೆಡಾರ್ ವಿಮಾನ ಎಲ್ಲಿದೆ ಅಂತ ತೋರಿಸ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಅಂತ ತೋರಿಸ್ತಿರಲಿಲ್ಲ. ಕಂಟ್ರೋಲರ್‌ಗೆ ಆಧಾರ ಅಂತ ಇದ್ದದ್ದು ರೇಡಿಯೋದಲ್ಲಿ ಬಂದ ಮಾತು ಒಂದೇ. ಆಮೇಲೆ ಎತ್ತರ ತೋರಿಸುವ ರೆಡಾರ್ ಬಂತು, ಬರುವ ಹೋಗುವ ದಾರಿಗಳು ಬೇರೆಯಾದವು, ವಿಮಾನಗಳಲ್ಲಿ ಡಿಕ್ಕಿ ತಪ್ಪಿಸುವ ಯಂತ್ರ ಕಡ್ಡಾಯವಾಯಿತು. ಇವೆಲ್ಲ ಸಾಮಾನ್ಯ ಜ್ಞಾನದ ಪತ್ರಿಕೆಗೂ ಬೇಕಾಗಬಹುದು, ಆದರೆ ನಾನು ಹೇಳಿದ್ದು ಅದಕ್ಕಲ್ಲ.

ಕೇಳುವುದನ್ನು ಅಭ್ಯಾಸ ಮಾಡುವ ಬಗೆ ಹೇಳ್ತೀನಿ. ತಮ್ಮನನ್ನು ಎದುರಿಗೆ ಕೂರಿಸಿಕೋ, ಅವನಿಗೂ ಕಾಲ ಕಳೆಯುತ್ತೆ. ಅವನ ಕೈಗೊಂದು ಚೀಟಿ ಕೊಡು: "ವಿಕ್ಟರ್ ಟ್ಯಾಂಗೋ ಆಲ್ಫಾ ಬ್ರಾವೋ ಚಾರ್ಲಿ, ಟರ್ನ್ ಲೆಫ್ಟ್ ಹೆಡಿಂಗ್ ಟೂ ಸೆವೆನ್ ಜೀರೋ, ಡಿಸೆಂಡ್ ಟು ಫ್ಲೈಟ್ ಲೆವೆಲ್ ಏಟ್ ಜೀರೋ." ವಿಮಾನದ ಹೆಸರು, ಎಡವೋ ಬಲವೋ, ದಿಕ್ಕು, ಎತ್ತರ, ನಾಲ್ಕು ಸಂಗತಿ. ಅವನು ಒಂದೇ ಸಲ ಓದಲಿ, ನೀನು ಹತ್ತು ಸೆಕೆಂಡು ಸುಮ್ಮನಿದ್ದು ತಿರುಗಿ ಹೇಳು. ಸುಲಭ ಅನಿಸಿದ ಮೇಲೆ ಆಟ ತಿರುಗಿಸು: ನೀನು ಓದು, ಅವನು ತಿರುಗಿ ಹೇಳುವಾಗ ಬೇಕಂತಲೇ ಒಂದು ಅಂಕಿ ತಪ್ಪಿಸಲಿ. ನೀನು ಹಿಡೀಬೇಕು. ಇದು ಮೊದಲನೆಯದಕ್ಕಿಂತ ಕಷ್ಟ. ನಾವು ಏನನ್ನು ನಿರೀಕ್ಷಿಸುತ್ತೇವೋ ಅದನ್ನೇ ಕಿವಿ ಕೇಳಿಸಿಕೊಂಡುಬಿಡುತ್ತೆ. ಕಂಟ್ರೋಲರ್‌ಗಳ ತಪ್ಪುಗಳಲ್ಲಿ ಬಹುಪಾಲು ಹೇಳುವುದರಲ್ಲಿ ಆಗುವುದಲ್ಲ, ತಿರುಗಿ ಬಂದದ್ದನ್ನು ಕೇಳಿಸಿಕೊಳ್ಳುವುದರಲ್ಲಿ ಆಗುವುದು ಅನ್ನೋದು ನನ್ನ ಅನುಭವ. ಬೆಂಗಳೂರಿಗೆ ರೈಲಿನಲ್ಲಿ ಬಂದರೆ ಸ್ಟೇಷನ್ನಿನಲ್ಲಿ ಅನೌನ್ಸ್‌ಮೆಂಟ್ ಕೇಳು. ಗಾಡಿ ನಂಬರು, ಪ್ಲಾಟ್‌ಫಾರಂ, ಹೊತ್ತು. ಕನ್ನಡ, ಹಿಂದಿ, ಇಂಗ್ಲಿಷು ಮುಗಿದ ಮೇಲೆ ಬರಿ, ನಡುವೆ ಟೀ ಮಾರುವವನ ಕೂಗಿಗೆ ಗಮನ ಕೊಡದೆ. ದಾರಿಯಲ್ಲಿ ಕಂಡ ಗಾಡಿಗಳ ನಂಬರನ್ನು ಕಿಲೋ ಆಲ್ಫಾ ವನ್ ಟ್ರೀ ಅಂತ ಮನಸ್ಸಿನಲ್ಲೇ ಓದು; ಜನ ಹುಚ್ಚಿ ಅಂದಾರು, ಅಂದರೆ ಅನ್ನಲಿ.

ಕೇಳಿಸಲಿಲ್ಲ ಅಂದರೆ "ಸೇ ಅಗೇನ್" ಅನ್ನಬೇಕು. ನಮ್ಮ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿಗೆ, ಎರಡನೇ ಸಲ ಕೇಳಿದರೆ ದಡ್ಡಿ ಅಂದುಕೊಳ್ತಾರೆ ಅನ್ನೋ ಹಿಂಜರಿಕೆ ಇರುತ್ತೆ. ತರಗತಿಯಲ್ಲಿ ಅರ್ಥವಾಗದಿದ್ದರೂ ತಲೆಯಾಡಿಸುತ್ತೇವೆ. ಅದನ್ನು ಈಗಿಂದಲೇ ಬಿಡು. ಅಂಗಡಿಯವನು ಹೇಳಿದ ಬೆಲೆ ಸರಿಯಾಗಿ ಕೇಳಿಸದಿದ್ದರೂ ಇನ್ನೊಮ್ಮೆ ಕೇಳು. ಮೇಷ್ಟ್ರನ್ನು ಕೇಳು. ಸಿಡುಕಿದರೆ ಸಿಡುಕಲಿ.

ನೀನು ದುಡ್ಡು ಕೊಟ್ಟು ಫೋನಿಗೆ ಹಾಕಿಸಿಕೊಂಡ ಆ್ಯಪ್ ಬಗ್ಗೆ ಕೇಳಿದ್ದೆ. ಅದು ಯುರೋಪಿನ ಫೀಸ್ಟ್ ಪರೀಕ್ಷೆಯ ಮಾದರಿಯದು, ಯುರೋಕಂಟ್ರೋಲ್ ಸಂಸ್ಥೆ ರೂಪಿಸಿದ್ದು. ಅಲ್ಲಿ ನೆನಪಿನ ಶಕ್ತಿ, ದಿಕ್ಕಿನ ಅರಿವು, ಗಮನ ಹಂಚುವುದು, ಅಣಕು ರೆಡಾರ್ ಇವನ್ನೆಲ್ಲ ನೇರವಾಗಿ ಅಳೆಯುತ್ತಾರೆ. ಅಮೆರಿಕದ ಎಫ್‌ಎಎಯವರ ಪರೀಕ್ಷೆಯೂ ಸುಮಾರು ಅದೇ ಜಾತಿಯದು. ಅಲ್ಲಿ ಅವರ ದೇಶದ ಪ್ರಜೆಯಾಗಿರಬೇಕು, 31 ತುಂಬುವುದರೊಳಗೆ ಅರ್ಜಿ ಹಾಕಬೇಕು. ನಮ್ಮಲ್ಲಿ ಓದಿದ ವಿದ್ಯೆಯನ್ನು ಅಳೆದು ಒಳಗೆ ತಗೊಂಡು, ಕೈಗುಣವನ್ನು ತರಬೇತಿಯಲ್ಲಿ ನೋಡ್ತಾರೆ. ಯಾವ ಕ್ರಮ ಮೇಲು ಅಂದರೆ ನಾನು ಯುರೋಪಿನದಕ್ಕೇ ಮತ ಹಾಕ್ತೀನಿ. ಭೌತಶಾಸ್ತ್ರದಲ್ಲಿ ಮೊದಲ ದರ್ಜೆ ಬಂದು ಸಿಮ್ಯುಲೇಟರಿನಲ್ಲಿ ಬೆವರಿದವರನ್ನು ಕಂಡಿದ್ದೇನೆ. ಅವರಿಗೂ ಸಂಕಟ, ಕಲಿಸುವವರಿಗೂ ಸಂಕಟ. ಆದ್ದರಿಂದ ಆ್ಯಪ್ ದಂಡವಲ್ಲ. ಪರೀಕ್ಷೆಗೆ ಉಪಯೋಗವಾಗದಿದ್ದರೂ ನಿನಗೆ ಈ ಕೆಲಸ ಒಗ್ಗುತ್ತದೋ ಇಲ್ಲವೋ ಅಂತ ನೀನೇ ತಿಳ್ಕೊಳ್ಳೋಕೆ ಆಗುತ್ತೆ. ದಿನಕ್ಕೆ ಕಾಲುಗಂಟೆ ಸಾಕು.

ಆ್ಯಪಿನಲ್ಲಿ ಚುಕ್ಕೆಗಳು ಡಿಕ್ಕಿಯಾಗದಂತೆ ನೋಡ್ತಾ ಲೆಕ್ಕವನ್ನೂ ಬಿಡಿಸಬೇಕು, ಎರಡನ್ನೂ ಒಟ್ಟಿಗೆ ಮಾಡೋಕೆ ಆಗ್ತಿಲ್ಲ ಅಂತ ಅತ್ತಿದ್ದೆಯಂತೆ. ಯಾರಿಗೂ ಆಗೋದಿಲ್ಲ ಕಣೇ. ಯುಗಾದಿ ದಿನ ನಿಮ್ಮಮ್ಮನನ್ನು ನೋಡು: ಕಾವಲಿ ಮೇಲೆ ಹೋಳಿಗೆ, ಕುಕ್ಕರ್ ಕೂಗುತ್ತೆ, ಬಾಗಿಲಲ್ಲಿ ಹಾಲಿನವನು. ಅವಳು ಮೂರನ್ನೂ ಒಟ್ಟಿಗೆ ಮಾಡ್ತಿಲ್ಲ. ಈಗ ಕೈ ಎಲ್ಲಿಗೆ ಹೋಗದಿದ್ದರೆ ಕೆಡುತ್ತೆ ಅನ್ನೋದು ಅವಳಿಗೆ ಗೊತ್ತು, ಉಳಿದದ್ದಕ್ಕೆ "ಬಂದೆ, ಇರಪ್ಪಾ" ಅಂತಾಳೆ. ಅಷ್ಟೇ ವಿದ್ಯೆ. ಚುಕ್ಕೆ ಮೊದಲು, ಲೆಕ್ಕ ಆಮೇಲೆ. ಮತ್ತೆ ಒಬ್ಬರ ಕೈಯಲ್ಲಿ ಆಗದಷ್ಟು ಬಂದಾಗ ಆಗೋದಿಲ್ಲ ಅನ್ನಬೇಕು, ಪಕ್ಕದವರನ್ನು ಕರೀಬೇಕು. 2002ರ ಜುಲೈ 1ರ ರಾತ್ರಿ ಜ್ಯೂರಿಕ್‌ನಲ್ಲಿ ಒಬ್ಬರೇ ಕಂಟ್ರೋಲರ್ ಎರಡು ಮೇಜು ನೋಡಿಕೊಳ್ತಿದ್ದರು, ಜೊತೆಯವರು ವಿಶ್ರಾಂತಿಗೆ ಹೋಗಿದ್ದರು, ಫೋನಿನ ಮುಖ್ಯ ಲೈನು ರಿಪೇರಿಗೆ ನಿಂತಿತ್ತು. ಜರ್ಮನಿಯ ಊಬರ್ಲಿಂಗನ್ ಮೇಲೆ ಎರಡು ವಿಮಾನ ಡಿಕ್ಕಿ ಹೊಡೆದು 71 ಜನ ಸತ್ತರು. ಒಬ್ಬರನ್ನೇ ಕೂರಿಸಿದ ವ್ಯವಸ್ಥೆಯ ತಪ್ಪು ಅದರಲ್ಲಿ ದೊಡ್ಡದಿತ್ತು.

ಆಯ್ಕೆಯ ನಡುವೆ ಮನಶ್ಶಾಸ್ತ್ರದ ಪರೀಕ್ಷೆಯೂ ಒಂದಿದೆ. ಅದಕ್ಕೆ "ಸರಿ ಉತ್ತರ" ಕಲಿಸಿಕೊಡ್ತೀವಿ ಅನ್ನುವ ಕೋಚಿಂಗಿನವರಿದ್ದಾರೆ. ದುಡ್ಡು ಕೊಡಬೇಡ. ನಿನಗೆ ಎಂದೂ ಸಿಟ್ಟು ಬರೋದಿಲ್ಲ, ನಿದ್ದೆ ಕೆಡೋದಿಲ್ಲ, ತಪ್ಪು ಆಗೋದಿಲ್ಲ ಅಂತ ಬರೆದರೆ ಯಾರು ನಂಬ್ತಾರೆ? ಇದ್ದದ್ದು ಇದ್ದ ಹಾಗೆ ಬರಿ. ಮಾದಕ ವಸ್ತುವಿನ ಪರೀಕ್ಷೆ ಇರುತ್ತೆ. ನಿನಗೆ ಅದರ ಭಯವಿಲ್ಲ, ಆದರೆ ಡಾಕ್ಟರು ನಿದ್ದೆಗೋ ನೆಗಡಿಗೋ ಮಾತ್ರೆ ಬರೆದಿದ್ದರೆ ಚೀಟಿ ಜೋಪಾನ ಮಾಡು.

ಅರ್ಜಿಯ ವಿಷಯ ಬೇಗ ಹೇಳಿಬಿಡ್ತೀನಿ. ವಯಸ್ಸು 27 ಮೀರಿರಬಾರದು, ಮೀಸಲಾತಿ ಇದ್ದವರಿಗೆ ಸಡಿಲಿಕೆ ಉಂಟು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಇರಬೇಕು; ಎಂಜಿನಿಯರಿಂಗಿನವರಾದರೆ ಯಾವುದಾದರೂ ಸೆಮಿಸ್ಟರಿನಲ್ಲಿ ಅವೆರಡನ್ನೂ ಓದಿರಬೇಕು. ನಿನ್ನ ಗೆಳತಿ ಗಣಿತ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡಿದ್ದಾಳಂತೆ, ಅವಳು ಫೀಸು ಕಟ್ಟುವ ಮೊದಲು ಮಾರ್ಕ್ಸ್ ಕಾರ್ಡ್ ತೆಗೆದು ನೋಡಲಿ. ಪ್ರತಿ ಸಲದ ಅಧಿಸೂಚನೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೀನೇ ಓದು. ವಾಟ್ಸ್ಯಾಪಿನಲ್ಲಿ ಬಂದ ಸಾರಾಂಶವೂ ಊಹೆಯ ಜಾತಿಗೇ ಸೇರಿದ್ದು.

ಆಯ್ಕೆಯಾದರೆ ಬಾಂಡ್ ಬರೆದುಕೊಟ್ಟು ತರಬೇತಿಗೆ ಹೋಗಬೇಕು. ಹಳೆಯ ಕಾಲೇಜು ಪ್ರಯಾಗರಾಜ್‌ನಲ್ಲಿದೆ, ಬಮ್ರೌಲಿ ವಿಮಾನ ನಿಲ್ದಾಣದ ಪಕ್ಕ. ಹೈದರಾಬಾದ್, ಗೊಂದಿಯಾಗಳಲ್ಲೂ ಕೇಂದ್ರಗಳಿವೆ. ಅಲ್ಲಿ ಪಾಸಾದ ಮೇಲೂ ನೇರವಾಗಿ ಮೈಕು ಕೈಗೆ ಕೊಡೋದಿಲ್ಲ. ಪೋಸ್ಟಿಂಗ್ ಆದ ಕಡೆ ಅನುಭವಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿತು, ಟವರ್, ಅಪ್ರೋಚ್, ಏರಿಯಾ ಅಂತ ಒಂದೊಂದಕ್ಕೂ ಬೇರೆ ಪರೀಕ್ಷೆ ಕಟ್ಟಬೇಕು. ಮೂಲ ವೇತನದ ಶ್ರೇಣಿ 40,000ದಿಂದ 1,40,000, ಭತ್ಯೆ ಬೇರೆ. ಪಾಳಿ ಕೆಲಸ, ಹಬ್ಬಹರಿದಿನ ಅಂತಿಲ್ಲ, ದೇಶದ ಯಾವ ಮೂಲೆಗಾದರೂ ಹಾಕಬಹುದು. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಸಿಕ್ಕರೆ ನಿನ್ನ ಪುಣ್ಯ, ಗುವಾಹಟಿ ಸಿಕ್ಕರೂ ಗೊಣಗದೆ ಹೊರಡು. "ಹೆಣ್ಣುಮಗಳಿಗೆ ರಾತ್ರಿ ಪಾಳಿ ಯಾಕಣ್ಣ" ಅಂತ ನಿಮ್ಮಮ್ಮ ಕೇಳಿದಳು. ರಾತ್ರಿ ಪಾಳಿಯಲ್ಲಿ ನನ್ನ ಪಕ್ಕ ಕೂತು ನನಗಿಂತ ಚೆನ್ನಾಗಿ ಕೆಲಸ ಮಾಡಿದ ಹೆಣ್ಣುಮಕ್ಕಳನ್ನು ಅವಳು ನೋಡಿಲ್ಲ, ಅದಕ್ಕೆ ಕೇಳ್ತಾಳೆ. ಅವಳ ಜೊತೆ ನಾನು ಮಾತಾಡ್ತೀನಿ.

ಕೊನೆಗೊಂದು ಮುಖ್ಯ ವಿಷಯ. ಬೆಂಗಳೂರಿನ ವಿಜಯನಗರದ ಕೋಚಿಂಗಿಗೆ ಸೇರಲಾ ಅಂತ ಕೇಳಿದ್ದೀಯ, ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆಯೋಕೂ ಸಿದ್ಧರಾಗಿದ್ದಾರಂತೆ. ತಡಿ. ಎಲ್ಲ ಪಾಸಾದ ಮೇಲೆ ವೈದ್ಯಕೀಯ ಪರೀಕ್ಷೆ ಇದೆ. ಕನ್ನಡಕ ಇದ್ದರೆ ತೊಂದರೆಯಿಲ್ಲ, ಹಾಕಿಕೊಂಡಾಗ ಸರಿಯಾಗಿ ಕಾಣಬೇಕು. ಬಣ್ಣ ಗುರುತಿಸುವುದರಲ್ಲಿ ದೋಷ ಇದ್ದರೆ ಮಾತ್ರ ಕಷ್ಟ. ರೇಡಿಯೋ ಕೆಟ್ಟಾಗ ಟವರಿನಿಂದ ಕೆಂಪು, ಹಸಿರು, ಬಿಳಿ ಬೆಳಕು ಬಿಟ್ಟು ವಿಮಾನಕ್ಕೆ ಸೂಚನೆ ಕೊಡ್ತೀವಿ. ರೆಡಾರ್ ಪರದೆಯಲ್ಲೂ ಬಣ್ಣಕ್ಕೆ ಅರ್ಥವಿದೆ. ಈ ದೋಷ ಇರುವ ಎಷ್ಟೋ ಜನರಿಗೆ ಅದು ಇದೆ ಅಂತಲೇ ಗೊತ್ತಿರೋದಿಲ್ಲ. ಹೆಣ್ಣುಮಕ್ಕಳಲ್ಲಿ ಅಪರೂಪ, ಆದರೆ ಇಲ್ಲವೇ ಇಲ್ಲ ಅಂತ ನೋಡದೆ ಹೇಳೋಕಾಗೋದಿಲ್ಲ. ಪರೀಕ್ಷೆ, ಧ್ವನಿ ಎಲ್ಲ ದಾಟಿ ಇಲ್ಲಿ ಬಂದು ನಿಂತ ಹುಡುಗರನ್ನು ನೋಡಿ ಕರುಳು ಚುರುಕ್ ಅಂದಿದೆ. ಈ ವಾರವೇ ಹಾಸನದಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಣ್ಣದ ಚುಕ್ಕೆಗಳ ಪುಸ್ತಕ ಓದಿಸಿಕೊಂಡು ಬಾ. ಹಾಗೇ ಕಿವಿಯ ಪರೀಕ್ಷೆಯನ್ನೂ ಮಾಡಿಸು. ಎರಡೂ ರಿಪೋರ್ಟ್ ನನಗೆ ಕಳಿಸು, ಅಲ್ಲಿಯವರೆಗೆ ಅಪ್ಪ ಸಾಲಕ್ಕೆ ಸಹಿ ಹಾಕೋದು ಬೇಡ ಅಂತ ಹೇಳು.

ನಿನ್ನ ಮಾವ